ಅದೃಷ್ಟದ ಮೆಳ್ಳೆಗಣ್ಣು

೨೦೧೬ರಲ್ಲಿ ನಾನು ಹೊಳಲ್ಕೆರೆಯಲ್ಲಿ ಕಣ್ಣಿನ ಕ್ಲಿನಿಕ್ ನಡೆಸುತ್ತಿದ್ದೆ. ರಾಮಗಿರಿಯ ರುದ್ರಮ್ಮ ತಮ್ಮ ಕಣ್ಣಿನ ಪೊರೆ ತೋರಿಸಲು ಬಂದಾಗ ನಾಲ್ಕು ವರ್ಷದ ಮೊಮ್ಮಗಳು ಸಹನಾಳೂ ಜೊತೆಗಿದ್ದಳು. ಮಗು ಮೇಜಿನ ಮೇಲಿದ್ದ ಚಿತ್ರಪುಸ್ತಕದತ್ತ ಬಗ್ಗಿದ್ದೇ ತಡ, ಅದರ ಬಲಗಣ್ಣು ಮೂಗಿನ ಕಡೆ ವಾಲಿತು.

"ಯಾವಾಗಿಂದ ಹೀಗೆ?" ಎಂದೆ.

"ಅದು ಅದೃಷ್ಟದ ಕಣ್ಣು ಕಣ್ರಿ ಮೇಡಮ್ಮಾರೆ. ಹಿಂಗಾದ್ ಮೇಲೇ ನನ್ನ ಮಗ ಲಗೇಜ್ ಆಟೋ ತಗಂಡಿದ್ದು," ಎಂದು ಅಜ್ಜಿ ಬೀಗಿದರು.

ಅದೃಷ್ಟ ಅಂತೆ! ನನಗೆ ಮೈ ಉರಿಯಿತು. ಡ್ರಾಪ್ಸ್ ಹಾಕಿ ಪರೀಕ್ಷಿಸಿದರೆ ಬಲಗಣ್ಣಿಗೆ ಪ್ಲಸ್ ಏಳು, ಎಡಗಣ್ಣಿಗೆ ಪ್ಲಸ್ ನಾಲ್ಕು. ಇದು ಹೈಪರ್‌ಮೆಟ್ರೋಪಿಯಾ, ಅಂದರೆ ದೂರದೃಷ್ಟಿ ದೋಷ. ಕಣ್ಣುಗುಡ್ಡೆ ಚಿಕ್ಕದಿದ್ದರೆ ಬಿಂಬ ರೆಟಿನಾದ ಹಿಂದಕ್ಕೆ ಬೀಳುತ್ತದೆ. ಅದನ್ನು ಮುಂದಕ್ಕೆ ತರಲು ಮಗು ಸದಾ ಕಣ್ಣು ಬಿಗಿಹಿಡಿಯುತ್ತದೆ, ಆ ಬಿಗಿತಕ್ಕೆ ಒಂದು ಕಣ್ಣು ಒಳಕ್ಕೆ ವಾಲುತ್ತದೆ. ವಾಲಿದ ಕಣ್ಣನ್ನು ಮಿದುಳು ಮೆಲ್ಲಗೆ ಕೈಬಿಡುತ್ತದೆ. ಮಗುವಿಗೆ ಏಳೆಂಟು ವರ್ಷ ತುಂಬುವುದರೊಳಗೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನವೂ ಸ್ವಲ್ಪ ಹೊತ್ತು ಪ್ಯಾಚ್ ಕಟ್ಟಿದರೆ ವಾಲಿದ ಕಣ್ಣು ನೋಡಲು ಕಲಿಯುತ್ತದೆ. ಆಮೇಲೆ ಕಲಿಸುವುದು ಬಲು ಕಷ್ಟ. ಇಷ್ಟನ್ನೂ ಬಿಡಿಸಿ ಹೇಳಿ ಕನ್ನಡಕ ಕೊಟ್ಟು ಕಳಿಸಿದೆ.

ಮುಂದಿನ ತಿಂಗಳು ಬಂದಾಗ ಕನ್ನಡಕದೊಳಗೆ ಕಣ್ಣು ನೆಟ್ಟಗೆ ನಿಂತಿತ್ತು. ನಾನು ಹಿಗ್ಗಿ ಮಗುವಿನ ಕೆನ್ನೆ ಹಿಂಡಿದೆ. ಅಜ್ಜಿ ಮಾತ್ರ ಏನೋ ಕಳೆದುಕೊಂಡವರಂತೆ ಕೂತಿದ್ದರು.

ಆಮೇಲೆ ಅವರು ಬರಲಿಲ್ಲ. ಫೋನ್ ಮಾಡಿದರೆ ಮಗುವಿನ ತಂದೆ ಮಂಜುನಾಥ ಎತ್ತಿದ. ಆಟೋ ಮಗುಚಿ ಅವನ ಕಾಲು ಮುರಿದಿತ್ತು. "ಕಣ್ಣು ನೆಟ್ಟಗಾತು, ಮನೆ ಸೊಟ್ಟಗಾತು ಅಂತ ನಮ್ಮವ್ವ ಕನ್ನಡಕ ತೆಗೆದಿಟ್ಟಾಳ್ರಿ," ಎಂದ.

ಭಾನುವಾರ ನಾನೇ ರಾಮಗಿರಿಗೆ ಹೋದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿದೆ ಅಷ್ಟೇ ಎಂದು ಬಾಯಿ ನೋಯುವಷ್ಟು ಹೇಳಿದೆ.

"ಕುಂತ್ಕಳ್ರಿ, ಕಾಫಿ ಕುಡೀರಿ," ಎಂದರು ರುದ್ರಮ್ಮ. "ಕಣ್ಣು ವಾಲಿದ್ರೆ ಯಾರ ಜೀವನೂ ಹೋಗಲ್ಲ ಮೇಡಮ್ಮಾರೆ. ನನ್ನ ಮಗಂದು ಹೋಗ್ತಿತ್ತು."

ಕಾಫಿ ಕುಡಿದು ಎದ್ದು ಬಂದೆ.

ಸಹನಾಳಿಗೆ ಹನ್ನೆರಡಾದಾಗ ಮೆಕ್ಕೆಜೋಳದ ಹೊಲದಲ್ಲಿ ಗರಿಯ ಅಂಚು ಎಡಗಣ್ಣನ್ನು ಕೊಯ್ದಿತು. ಮನೆಮದ್ದಿನಲ್ಲಿ ದಿನ ಕಳೆದು, ಫಂಗಸ್ ಸೋಂಕು ಒಳಗಿಳಿದ ಮೇಲೆ ನನ್ನಲ್ಲಿಗೆ ತಂದರು. ಕೂಡಲೇ ದಾವಣಗೆರೆಗೆ ಕಳಿಸಿದೆ. ಆ ಕಣ್ಣು ಉಳಿಯಲಿಲ್ಲ.

ಅಲ್ಲಿಂದ ಮರಳಿದ ಮೇಲೆ ರುದ್ರಮ್ಮ ಮೊಮ್ಮಗಳ ಕೈಹಿಡಿದು ಬಂದು ನನ್ನೆದುರು ನಿಂತರು. "ಈಗ ಆ ವಾಲಿದ ಕಣ್ಣಿಗೆ ಕನ್ನಡಕ ಹಾಕ್ರಿ. ನನ್ನ ಎಷ್ಟಾದ್ರೂ ಬೈಯ್ರಿ." ಬೈಯಬೇಕೆಂದೇ ಇದ್ದೆ. ಆ ಮುಖ ನೋಡಿ, ಸಹನಾಳನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದೆ. ಹೊಸ ಕನ್ನಡಕ ಹಾಕಿದರೆ ಬಲಗಣ್ಣಿಗೆ ಕಂಡದ್ದು ಚಾರ್ಟಿನ ಮೇಲ್ತುದಿಯ ಒಂದೇ ದೊಡ್ಡ ಅಕ್ಷರ. ಆರು ತಿಂಗಳ ಅಭ್ಯಾಸದ ಮೇಲೆ ಎರಡನೆಯ ಸಾಲಿಗೆ ಇಳಿದಳು, ಅಲ್ಲಿಗೇ ನಿಂತಿತು.

"ಎಸ್ಸೆಸ್ಸೆಲ್ಸಿ ಬರೆಯಾಕೆ ಆಗ್ತದಾ ಮೇಡಮ್?" ಎಂದಳು.

"ಪರೀಕ್ಷೆಯಲ್ಲಿ ನೀನು ಹೇಳಿದ್ದನ್ನ ಬರೆಯೋಕೆ ಒಬ್ಬರನ್ನ ಕೊಡ್ತಾರೆ ಪುಟ್ಟಿ."

"ಅದು ಪರೀಕ್ಷೆ ದಿನ. ದಿನಾ ಓದಾಕೆ ಯಾರನ್ನ ಕೊಡ್ತಾರೆ?"

ಈಗ ಯಾವ ಮಗುವಿಗೆ ಪ್ಲಸ್ ಕನ್ನಡಕ ಬರೆದರೂ, ಮನೆಯಲ್ಲಿ ಈ ಕಣ್ಣಿನ ಬಗ್ಗೆ ಏನಂತಾರೆ ಎಂದು ಮೊದಲು ಕೇಳುತ್ತೇನೆ. ಅಜ್ಜಿಯನ್ನೂ ಕರೆಸಿ ಕೂರಿಸಿಕೊಳ್ಳುತ್ತೇನೆ. ಸಹನಾ ಮಾತ್ರ ಏಳನೇ ತರಗತಿಗೇ ಶಾಲೆ ಬಿಟ್ಟಳು.