ನನ್ನ ರಸಮಟ್ಟ, ಹಾಲೇಶಪ್ಪನ ಇಳಿಜಾರು

ಇವತ್ತು ಬೆಳಿಗ್ಗೆ ಕಿಟಕಿಯ ಏಸಿಯ ಮುಂದಿನ ಮುಚ್ಚಳ ತೆಗೆದು ಧೂಳು ಹಿಡಿಯುವ ಬಲೆಯನ್ನು ಹೊರಗೆಳೆದೆ. ಅದರ ಜೊತೆ ಒಂದು ವಾಸನೆಯೂ ಬಂತು. ನೆನೆದ ಗೋಣಿಚೀಲ, ಹಳೆಯ ದಾರದ ಉಂಡೆ, ಹೊಸ ರೇಷ್ಮೆ, ಮೂರೂ ಬೆರೆತ ವಾಸನೆ. ನಿಮ್ಮ ಮನೆಯಲ್ಲಿ ಏಸಿ ಇದ್ದರೂ ಈ ವಾಸನೆ ನಿಮಗೆ ಗೊತ್ತಿರಲಾರದು. ನಿಮ್ಮ ಮನೆಯದು ಮನುಷ್ಯರಿಗಾಗಿ ಇರುತ್ತದೆ. ನಮ್ಮದು ಸೀರೆಗಳಿಗಾಗಿ ಬಂದದ್ದು.

ನನ್ನ ಹೆಂಡತಿ ಪುಷ್ಪಾ ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮದುವೆ ಹೆಣ್ಣುಗಳ ರವಿಕೆ ಹೊಲಿಯುತ್ತಾಳೆ. ರೇಷ್ಮೆಯ ಮೇಲೆ ಮಣಿ, ಜರಿದಾರದ ಕಸೂತಿ ಹಾಕುತ್ತಾಳೆ. ಮದುವೆಗಳೆಲ್ಲ ಬರುವುದು ಬೇಸಿಗೆಯಲ್ಲಿ. ಫ್ಯಾನು ಹಾಕಿದರೆ ದಾರ ಹಾರುತ್ತದೆ, ಆರಿಸಿದರೆ ಹಣೆಯ ಬೆವರು ರೇಷ್ಮೆಯ ಮೇಲೆ ಬೀಳುತ್ತದೆ. ಆದ್ದರಿಂದ ನಾಲ್ಕು ಬೇಸಿಗೆಯ ಹಿಂದೆ, ಯಾವುದೋ ಆಫೀಸಿನವರು ಬದಲಾಯಿಸಿ ಬಿಟ್ಟ ಹಳೆಯ ಏಸಿಯೊಂದು ನಮ್ಮ ಮನೆಗೆ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನೀರು ಆವಿಯಾಗುವ ಪಾಠವನ್ನೂ ಆವಿ ನೀರಾಗುವ ಪಾಠವನ್ನೂ ಇಪ್ಪತ್ತೆರಡು ಸಲ ಮಾಡಿದ್ದೇನೆ. ಅಂಥವನ ಮನೆಗೆ ಬಂದ ಯಂತ್ರ ಪುಣ್ಯ ಮಾಡಿತ್ತು ಅಂತಲೇ ಆಗ ನನ್ನ ಭಾವನೆ.

ಅದನ್ನು ತಂದು ಕೂರಿಸಿದವನು ಆನವಟ್ಟಿಯ ಹಾಲೇಶಪ್ಪ. ಐವತ್ತರ ಆಸುಪಾಸು. ಫ್ರಿಜ್ಜು, ಏಸಿ ರಿಪೇರಿ ಅವನ ಕಸುಬು. ಮಾತು ಕಡಿಮೆ. ಯಂತ್ರದ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಅದರ ನಡುಕ ಕೇಳುತ್ತಾನೆ. ಕಿಟಕಿಯಾಚೆ ಕಬ್ಬಿಣದ ಚೌಕಟ್ಟು ಹೊಡೆದು ಅವನು ಏಸಿ ಕೂರಿಸಿದಾಗ, ಅದು ಹೊರಗಡೆಗೆ ತುಸು ವಾಲಿದಂತೆ ನನಗೆ ಕಂಡಿತು.

"ಹಾಲೇಶಪ್ಪ, ಇದು ಹಿಂದಕ್ಕೆ ವಾಲಿದೆಯಲ್ಲ?"

"ಹೌದ್ರೀ ಮೇಷ್ಟ್ರೇ. ಒಂದು ಬೆರಳು ಇಳಿಜಾರು ಇರ್ಲೇಬೇಕು. ನೀರು ಹೊರಗೆ ಹೋಗ್ಬೇಕಲ್ರೀ."

"ನೋಡೋಕೆ ಸೊಟ್ಟ ಕಾಣುತ್ತೆ."

"ಹಂಗಾದ್ರೆ ನೋಡ್ಬ್ಯಾಡ್ರೀ," ಅಂದು ಬೈಕು ಹತ್ತಿ ಹೋದ.

ನೋಡದೆ ಇರುವುದು ನನ್ನಿಂದ ಆಗಲಿಲ್ಲ. ಗೋಡೆಯ ಕ್ಯಾಲೆಂಡರು ಸೊಟ್ಟಗಿದ್ದರೆ ಬೇರೆಯವರ ಮನೆಯಲ್ಲೂ ಎದ್ದು ಸರಿ ಮಾಡುವವನು ನಾನು. ಒಂದು ಭಾನುವಾರ ಪುಷ್ಪಾ ದಾರ ತರಲು ಶಿವಮೊಗ್ಗಕ್ಕೆ ಹೋಗಿದ್ದಳು. ಗಾರೆಯವರ ರಸಮಟ್ಟವೊಂದನ್ನು ಎರವಲು ತಂದೆ. ಏಸಿಯ ಹಿಂಭಾಗವನ್ನು ಎತ್ತಿ, ಚೌಕಟ್ಟಿನ ಮೇಲೆ ಎರಡು ಹಂಚಿನ ಚೂರು ತುರುಕಿದೆ. ರಸಮಟ್ಟದ ಗುಳ್ಳೆ ಗೆರೆಗಳ ನಡುವೆ ಬಂದು ನಿಂತಿತು. ಆ ಸಂಜೆ ನಾನು ಪಟ್ಟ ತೃಪ್ತಿಯನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮೂರು ವಾರ ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ಒಳಗೆ ನೀರು ಬೀಳುವ ತಟ್ಟೆಯಲ್ಲಿ ಧೂಳು ಕಟ್ಟಿಕೊಂಡು, ನೀರು ಹೊರಹೋಗುವ ತೂತು ಮುಚ್ಚಿತು. ಮಟ್ಟಸವಾದ ತಟ್ಟೆಯಲ್ಲಿ ನೀರಿಗೆ ಹಿಂದೆ ಯಾವುದು, ಮುಂದೆ ಯಾವುದು? ಅದು ಮುಂದಕ್ಕೆ ಬಂತು. ಕಿಟಕಿಯ ಕೆಳಗಿನ ಮೇಜಿನ ಮೇಲೆ ತಾಳಗುಂದದ ಗಂಗಮ್ಮನವರ ಮಗಳ ಧಾರೆ ಸೀರೆ ಹರಡಿತ್ತು. ಕೆನೆ ಬಣ್ಣದ ರೇಷ್ಮೆ. ಅದರ ಸೆರಗಿನ ಮೇಲೆ ಮಸಿನೀರಿನ ಏಳೆಂಟು ಹನಿ ಬಿದ್ದು, ಒಂದೊಂದೂ ಹುಣಸೆಬೀಜದಷ್ಟು ಹರಡಿದ್ದವು.

ಪುಷ್ಪಾ ಅಳಲಿಲ್ಲ, ಕೂಗಾಡಲೂ ಇಲ್ಲ. ಸೆರಗನ್ನು ಕೈಯಲ್ಲಿ ಹಿಡಿದು, "ಏನ್ರೀ ಇದು?" ಅಂದಳು, ಅಷ್ಟೆ.

"ಆ ಹಾಲೇಶಪ್ಪ ಸರಿಯಾಗಿ ಕೂರಿಸಿಲ್ಲ," ಅಂದೆ.

ಯೋಚಿಸಿ ಆಡಿದ ಮಾತಲ್ಲ. ಕೆಮ್ಮು ಬಂದ ಹಾಗೆ ಬಂತು. ಆದರೆ ಕೆಮ್ಮನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಕಲೆ ಹೋಗಲಿಲ್ಲ. ಪುಷ್ಪಾ ಮೂರು ದಿನ ಕೂತು, ಒಂದೊಂದು ಕಲೆಯ ಮೇಲೂ ಜರಿದಾರದ ಒಂದೊಂದು ಹೂವು ತುಂಬಿದಳು. ಕಲೆಯಿಲ್ಲದ ಕಡೆಯೂ ನಾಲ್ಕು ಹೂವು ಹಾಕಿ ಲೆಕ್ಕ ಸರಿದೂಗಿಸಿದಳು. ನಡೆದದ್ದನ್ನು ಗಂಗಮ್ಮನವರಿಗೆ ಮುಚ್ಚಿಡಲಿಲ್ಲ. ಕೂರಿಸಿದವನ ತಪ್ಪು ಅಂತ, ನಾನು ಹೇಳಿದ್ದನ್ನೇ ಹೇಳಿದಳು. ಅವಳು ಮೂರು ದಿನ ಬೆನ್ನು ಬಗ್ಗಿಸಿ ಕೂತಿದ್ದಾಗ ನಾನು ಮಾಡಿದ ಕೆಲಸವೆಂದರೆ, ಸದ್ದಿಲ್ಲದೆ ಹಿಂದಿನ ಹಂಚಿನ ಚೂರು ಕಿತ್ತು ಬಿಸಾಕಿದ್ದು. ನೀರು ನಿಂತಿತು. "ಅಂತೂ ನೀವೇ ಸರಿ ಮಾಡಿದ್ರಿ," ಅಂದಳು ಪುಷ್ಪಾ. ನಾನು ಅಲ್ಲ ಅನ್ನಲಿಲ್ಲ.

ಮುಂದಿನದನ್ನು ನೀವು ನಂಬಬೇಕು. ಊರಿನಲ್ಲಿ ನಾನು ಏಸಿ ತಜ್ಞನಾದೆ. ಅಕ್ಕಪಕ್ಕದವರು ಕರೆಯತೊಡಗಿದರು. ಹದಿನೈದು ದಿನಕ್ಕೊಮ್ಮೆ ಬಲೆ ತೊಳೆಯಿರಿ, ಆರಿಸಿದ ಮೇಲೆ ಮೂರು ನಿಮಿಷ ಬಿಟ್ಟು ಹಾಕಿ, ತಗಡಿನ ಸಂದಿಯ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯಿರಿ ಅಂತ ಉಪದೇಶ ಮಾಡಿ, ಕಾಫಿ ಕುಡಿದು ಬರುತ್ತಿದ್ದೆ. ಅದೇ ಹೊತ್ತಿನಲ್ಲಿ ಹಾಲೇಶಪ್ಪನ ಹೆಸರು ಇನ್ನೊಂದು ದಾರಿ ಹಿಡಿದಿತ್ತು. ಒಂದು ಕಲ್ಯಾಣ ಮಂಟಪದವರು ಏಸಿಗಳ ಕೆಲಸವನ್ನು ಅವನಿಗೆ ಕೊಡಬೇಕೆಂದಿದ್ದವರು, ಸೀರೆಯ ಕತೆ ಕೇಳಿ ಹಿಂದೆ ಸರಿದರಂತೆ. ಇದು ನನ್ನ ಕಿವಿಗೂ ಬಿತ್ತು. ಆನವಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಅವನು ಕಂಡಾಗ, ಸೊರಬದ ಬಸ್ಸಿನ ಬೋರ್ಡನ್ನು ಬಹಳ ಶ್ರದ್ಧೆಯಿಂದ ಓದಿದೆ.

ಮರುವರ್ಷ ಮಾರ್ಚ್‌ನಲ್ಲಿ ಏಸಿ ಗಾಳಿ ಬಿಟ್ಟಿತು, ತಂಪು ಬಿಡಲಿಲ್ಲ. ಒಳಗಿನ ಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಬ್ರಷ್ಷು, ಬಲೆ, ಮೂರು ನಿಮಿಷ, ನನ್ನ ವಿದ್ಯೆಯೆಲ್ಲ ಮುಗಿಯಿತು. ಆರು ರವಿಕೆ ಕಾದಿದ್ದವು. ಪುಷ್ಪಾ ನನ್ನನ್ನು ಕೇಳದೆ ಹಾಲೇಶಪ್ಪನಿಗೇ ಫೋನು ಮಾಡಿದಳು. ಅವನು ಬರಲಾರ ಅಂದುಕೊಂಡಿದ್ದೆ. ಬಂದ.

ಹೊರಗೆ ಏಣಿ ಹತ್ತಿ, ಚೌಕಟ್ಟಿನ ಮೇಲೆ ಬೆರಳಾಡಿಸಿದ. ಬಣ್ಣ ಕೆರೆದು ಹೋಗಿ ಎರಡು ಕಡೆ ಹಂಚಿನ ಕೆಂಪು ಪುಡಿ ಮೆತ್ತಿಕೊಂಡಿತ್ತು. ಪುಷ್ಪಾ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಮೇಷ್ಟ್ರೇ, ಇಲ್ಲಿ ಹಂಚು ಇಟ್ಟಿದ್ರೇನ್ರೀ ಯಾರಾದ್ರೂ?"

ಸಿಟ್ಟಿನ ದನಿಯಲ್ಲ, ರೋಗಿಯನ್ನು ಡಾಕ್ಟರು ಕೇಳುವ ದನಿ. ಗಾಳಿ, ಬೆಕ್ಕು, ಪಾರಿವಾಳ, ಎಲ್ಲ ನೆಪಗಳೂ ನನ್ನ ತಲೆಗೆ ಬಂದವು. ಅವನ ಬೆರಳು ಇನ್ನೂ ಆ ಕೆಂಪು ಪುಡಿಯ ಮೇಲೇ ಇತ್ತು.

"ನಾನೇ ಇಟ್ಟಿದ್ದೆ ಹಾಲೇಶಪ್ಪ. ಮಟ್ಟ ಮಾಡೋಕೆ. ಸೀರೆ ಕೆಟ್ಟಿದ್ದು ನನ್ನಿಂದ."

"ಗೊತ್ತಿತ್ರೀ," ಅಂದ. "ನಾನು ಕೂರಿಸಿದ್ದು ಸೋರಲ್ಲ. ನೀವು ಹೇಳ್ತೀರೇನೋ ಅಂತ ಒಂದು ವರ್ಷ ನೋಡ್ದೆ." ಮತ್ತೆ ಕೆಲಸಕ್ಕೆ ತಿರುಗಿದ.

ಪುಷ್ಪಾ ಚೊಂಬನ್ನು ಕಟ್ಟೆಯ ಮೇಲಿಟ್ಟಳು. ಸಂಜೆ ನನಗೆ ಹೇಳಿದ್ದು ಇಷ್ಟು: "ನನ್ನ ಬಾಯಿಂದ ಸುಳ್ಳು ಹೇಳಿಸಿದ್ರಿ. ನಾಳೆ ತಾಳಗುಂದಕ್ಕೆ ಹೋಗಿ ಬನ್ನಿ."

ಹೋದೆ. ಗಂಗಮ್ಮನವರು ಅಂಗಳದಲ್ಲಿ ಮೆಕ್ಕೆಜೋಳ ಹರಡುತ್ತಿದ್ದರು. ತಪ್ಪೆಲ್ಲ ನನ್ನದು, ಹಾಲೇಶಪ್ಪನದಲ್ಲ ಅಂತ ನಿಂತುಕೊಂಡೇ ಒಪ್ಪಿಸಿದೆ. ಅವರು ಕೈ ಒರೆಸಿಕೊಂಡು, "ಎಂಥಾ ದೊಡ್ಡ ಮನಸ್ಸು ಮೇಷ್ಟ್ರೇ ನಿಮ್ದು! ಪಾಪದವನ ಹೊಟ್ಟೆಪಾಡು ಅಂತ ಅವನ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂತೀರಲ್ಲ," ಅಂದರು. ಇಲ್ಲ ಇಲ್ಲ ಅಂದಷ್ಟೂ ನನ್ನ ದೊಡ್ಡತನ ಬೆಳೆಯಿತು. ಕೊನೆಗೆ ಒಂದು ಚೀಲ ಅವರೆಕಾಯಿ ಕೊಟ್ಟು ಕಳಿಸಿದರು. ಕಲ್ಯಾಣ ಮಂಟಪದ ಯಜಮಾನರ ಹತ್ತಿರವೂ ಹೋಗಿ ಹೇಳಿದೆ. "ನಿಮ್ಮಂಥೋರು ಇರೋದ್ರಿಂದ್ಲೇ ಮಳೆ ಬೆಳೆ ಆಗ್ತಿರೋದು," ಅಂದರು. ಕೆಲಸ ಮಾತ್ರ ಹಾಲೇಶಪ್ಪನಿಗೆ ಕೊಡಲಿಲ್ಲ.

ಪುಷ್ಪಾಳಿಗೆ ಬಂದು ಹೇಳಿದೆ. ಅವಳು ನಕ್ಕಳು. ಆ ವಾರದಲ್ಲಿ ನಕ್ಕದ್ದು ಅದೇ ಮೊದಲು. "ನೀವು ಮಹಾತ್ಮರ ಹಂಗೆ ಹೇಳಿದ್ರೆ ಹಿಂಗೇ ಆಗೋದು. ಬಿಡಿ, ನಾನು ಹೇಳ್ತೀನಿ."

ಅಂದಿನಿಂದ ಅಳತೆ ಕೊಡಲು ಬಂದ ಹೆಂಗಸರಿಗೆಲ್ಲ ಅವಳು ಆ ಕತೆ ಹೇಳತೊಡಗಿದಳು. ಗಂಡ ರಸಮಟ್ಟ ಎರವಲು ತಂದದ್ದು, ಹಂಚು ತುರುಕಿದ್ದು, ಬೇರೆಯವರ ಮೇಲೆ ಹಾಕಿ ತಜ್ಞನಾಗಿ ಮೆರೆದದ್ದು, ಒಂದನ್ನೂ ಬಿಡದೆ. ನಾನು ಹೇಳಿದಾಗ ಯಾರೂ ನಂಬದಿದ್ದ ಸತ್ಯವನ್ನು ಎಲ್ಲರೂ ಕ್ಷಣದಲ್ಲಿ ನಂಬಿದರು. ಗಂಡನ ಪೆದ್ದತನಕ್ಕೆ ಯಾವ ಹೆಂಗಸೂ ಸಾಕ್ಷಿ ಕೇಳುವುದಿಲ್ಲ. ಕೇಳಿದವರಲ್ಲಿ ಮಂಟಪದ ಯಜಮಾನರ ಸೊಸೆಯೂ ಇದ್ದರು. ಎರಡು ತಿಂಗಳಲ್ಲಿ ಅಲ್ಲಿನ ಏಸಿಗಳೆಲ್ಲ ಹಾಲೇಶಪ್ಪನ ಕೈಗೆ ಬಂದವು. ನನ್ನನ್ನು ಕಾಫಿಗೆ ಕರೆಯುವವರು ನಿಂತರು.

ಈಗ ಪ್ರತಿ ವರ್ಷ ಅವನು ಬಂದು ಏಸಿಯನ್ನು ಹೊರಗಿಳಿಸಿ ತೊಳೆಯುತ್ತಾನೆ. ಪೈಪು ಹಿಡಿಯುವುದು ನಾನು. ಇವತ್ತೂ ಹಿತ್ತಲಲ್ಲಿ ಅದೇ ನಡೆದಿತ್ತು. ಏಸಿ ಇಲ್ಲದ ಕಿಟಕಿ ಹಾರುಹೊಡೆದಿತ್ತು. ಒಳಗೆ ಯಾರೋ ಹೊಸ ಹುಡುಗಿ ಮದುವೆಯ ರವಿಕೆಗೆ ಅಳತೆ ಕೊಡಲು ಬಂದಿದ್ದಳು. ಪುಷ್ಪಾಳ ದನಿ ಏರುವುದು, ನಿಲ್ಲುವುದು, ಮತ್ತೆ ಏರುವುದು ಕೇಳುತ್ತಿತ್ತು. ಆಮೇಲೆ ಇಬ್ಬರ ನಗು. ಆ ಹುಡುಗಿ ಕಿಟಕಿಯಿಂದ ತಲೆ ಹೊರಹಾಕಿ ನಮ್ಮಿಬ್ಬರನ್ನೂ ನೋಡಿದಳು.

"ಇಬ್ಬರಲ್ಲಿ ಯಾರು, ಆಂಟಿ?"

ಹಾಲೇಶಪ್ಪ ತಲೆ ಎತ್ತದೆ ತಗಡು ಉಜ್ಜುತ್ತಲೇ ಇದ್ದ. ಪುಷ್ಪಾ ಉತ್ತರ ಕೊಡುವ ಮೊದಲೇ ನಾನು ಪೈಪು ಹಿಡಿದ ಕೈಯನ್ನು ಎತ್ತಿದೆ.