ಶಹಾಪುರದ ಖಡ್ಗ ತಜ್ಞರಿಗೆ ಒಂದು ಶಾಲು

ಸುರಪುರ ಸೀಮೆಯಲ್ಲಿ ಹಳೆಯ ಕತ್ತಿ ಇರುವ ಯಾವ ಮನೆಗೆ ಹೋದರೂ ಒಂದೇ ಕಥೆ. ಮುತ್ತಜ್ಜ ಇಂಗ್ಲಿಷರ ಮೇಲಿನ ಯುದ್ಧದಲ್ಲಿ ಕುದುರೆ ಮೇಲಿದ್ದ ಸಾಹೇಬನನ್ನು ಕೆಡವಿ ಕಿತ್ತುಕೊಂಡದ್ದು. ಇದೆಲ್ಲ ಖರೆಯಾಗಿದ್ದರೆ ಸಾಹೇಬರ ಪಲ್ಟಣ್ ವಾಪಸ್ ಹೋಗುವಾಗ ಬಡಿಗೆ ಹಿಡಿದುಕೊಂಡು ಹೋಗಿರಬೇಕು. ಈ ಲೆಕ್ಕ ಹಾಕಿದವರು ನಮ್ಮ ಶಹಾಪುರದ ವಿಶ್ವರಾಧ್ಯರು.

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ವಾಲ್ವು, ಪೈಪು, ಬೋಲ್ಟುಗಳ ಮೇಲಿನ ನಂಬರ್ ಓದಿ ನಿವೃತ್ತರಾದವರು. ಓದಲಿಕ್ಕೆ ಬೇರೆ ಕಬ್ಬಿಣ ಸಿಗದೆ ಕತ್ತಿಗೆ ಗಂಟುಬಿದ್ದರು. ಹಣೆಗೆ ಹಚ್ಚುವ ವಿಭೂತಿಯನ್ನೇ ನೀರಲ್ಲಿ ಕಲಸಿ ಹಿಡಿಕೆಯ ಬುಡದಲ್ಲಿ ತಿಕ್ಕಿ ಒರೆಸುತ್ತಾರೆ. ಸವೆದ ಗುರುತಿನ ಕುಳಿಯಲ್ಲಿ ಬಿಳುಪು ಉಳಿದು ಅಕ್ಷರ ಎದ್ದು ಬರುತ್ತದೆ. ಅಲಗಿನ ಬೆನ್ನ ಮೇಲೆ ಮಾಡಿದವನ ಹೆಸರು. ಬುಡದಲ್ಲಿ ಕಿರೀಟದ ಮುದ್ರೆ ಇದ್ದರೆ ಪರೀಕ್ಷೆ ಪಾಸಾದದ್ದು. ಹಿಡಿಕೆಯಲ್ಲಿ ಬೆರಳು ಕಾಯುವ ಕಾಪಿನ ಮೇಲೆ ನಂಬರ್ ಇದ್ದರೆ ಅದು ಯಾವ ಕುದುರೆ ಪಲ್ಟಣ್ಣಿನದು ಎನ್ನುವುದೂ ಸಿಗುತ್ತದೆ. ಹೇಳುತ್ತ ಕೂತರೆ ಎದುರಿಗಿದ್ದವರ ಊಟ ತಣ್ಣಗಾಗುತ್ತದೆ. ಹೆಂಡತಿ ಚಂದಮ್ಮ ಮಾತ್ರ ನಮ್ಮಂಥ ಅಭಿಮಾನಿಯಲ್ಲ.

“ಇಂಗ್ಲಿಷ್ ರಾಣಿಯ ಸವಾರನ ಕತ್ತಿ ನಂಬರ್ ಬಾಯಾಗ ಐತಿ,” ಎನ್ನುತ್ತಾರೆ. “ಗ್ಯಾಸ್ ಬುಕ್ ಮಾಡ್ರಿ ಅಂದ್ರ ನಂಬರ್ ಏನಂತ ನನ್ನ ಕೇಳ್ತಾರ.”

ಇಂಥ ವಿದ್ವಾಂಸರಿಗೆ ಇಷ್ಟು ವರ್ಷದಲ್ಲಿ ಯಾರೂ ಒಂದು ಶಾಲು ಹೊದಿಸಿರಲಿಲ್ಲ. ಶಾಲೆಗೆ ಗೋಡೆ ಗಡಿಯಾರ ಕೊಟ್ಟವನಿಗೂ ಸನ್ಮಾನ ಆಗಿತ್ತು, ಇವರಿಗಿಲ್ಲ. ಆ ಶಾಲೊಂದು ಬಿದ್ದರೆ ಸಾಕು ಎನ್ನುವಷ್ಟು ಆಸೆ. ಹೋದ ವರ್ಷ ಕಕ್ಕೇರಾದ ಗುತ್ತಿಗೆದಾರ ದೇವಿಂದ್ರ ತನ್ನ ಮುತ್ತಜ್ಜನ ಹೆಸರಿನಲ್ಲಿ ಕಮಾನು ಕಟ್ಟಿಸಿ, ಉದ್ಘಾಟನೆಯ ಕಾರ್ಡಿನಲ್ಲಿ ‘ಖಡ್ಗ ತಜ್ಞ ವಿಶ್ವರಾಧ್ಯ ಅವರಿಗೆ ಸನ್ಮಾನ’ ಎಂದು ಅಚ್ಚು ಹಾಕಿಸಿದ. ಮುತ್ತಜ್ಜ ಕಿತ್ತು ತಂದ ಕತ್ತಿ ನೋಡಿ ಹೌದು ಅಂದರೆ ಆಯಿತು, ಕೆಲಸ ಅಷ್ಟೇ. ವಿಶ್ವರಾಧ್ಯರು ಆ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿದರು.

ಉದ್ಘಾಟನೆಯ ಮುಂಜಾನೆ ದೇವಿಂದ್ರನ ಪಡಸಾಲೆಯಲ್ಲಿ ಕೂತು ವಿಭೂತಿ ತಿಕ್ಕಿದರು. ಪ್ರತಿ ಮಹಾನವಮಿಗೂ ಹುಣಸೆಹುಳಿ, ಇಟ್ಟಿಗೆ ಪುಡಿ ಹಾಕಿ ಉಜ್ಜಿ ಉಜ್ಜಿ ಮನೆಯವರೇ ಹೆಸರು, ಕಿರೀಟ ಎಲ್ಲ ಅಳಿಸಿಟ್ಟಿದ್ದರು. ಉಳಿದಿದ್ದವು ತುದಿಗೆ ತುದಿ ತಾಗಿದ ಎರಡು ಬಾಣದ ಗುರುತು. ಒಂದು ಬಾಣ ಇದ್ದರೆ ಸರಕಾರದ ಮಾಲು. ಎದುರುಬದುರು ಎರಡಿದ್ದರೆ ಸರಕಾರವೇ ಬೇಡವೆಂದು ಮಾರಿದ್ದು.

ವಿಶ್ವರಾಧ್ಯರು ಕತ್ತಿ ಒರೆಸಿ, ಕೊಟ್ಟ ಚಹಾ ಕುಡಿದರು. ಹೊರಗೆ ಬಂದು, ಜೊತೆಗೆ ಹೋಗಿದ್ದ ನನಗೊಬ್ಬನಿಗೆ ವಿಷಯ ಹೇಳಿ, ಬಾಯಿ ತೆರೆಯಬೇಡ, ನಾನೂ ತೆರೆಯೋದಿಲ್ಲ ಎಂದರು.

ಹನ್ನೊಂದಕ್ಕೆ ಶಾಲು ಬಿತ್ತು. ಅಲ್ಲಿಗೇ ಇಳಿದು ಬಂದಿದ್ದರೆ ಮುಗಿಯುತ್ತಿತ್ತು. ಆದರೆ ದೇವಿಂದ್ರ ಅವರ ಒಂದು ಕೈಗೆ ಕತ್ತಿ, ಇನ್ನೊಂದಕ್ಕೆ ಮೈಕ್ ಕೊಟ್ಟ. ಮುನ್ನೂರು ಜನ ಎದ್ದು ಹೋಗದೆ ತಮ್ಮ ಮಾತಿಗೆ ಕಾಯುವುದು ಅವರ ಜನ್ಮದಲ್ಲೇ ಮೊದಲು. ಎರಡೇ ಮಾತು ಎಂದರು. ಅಳಿಸಿಹೋದ ಕಿರೀಟ ಎಲ್ಲಿರುತ್ತಿತ್ತು ಎಂಬಲ್ಲಿಂದ ಶುರು ಮಾಡಿದರು. ಹೆಸರಿಗೆ ಬಂದರು. ಮೊದಲ ಬಾಣಕ್ಕೂ ಬಂದರು. ನಾನು ಕೆಳಗಿನಿಂದ ಬೇಡ ಬೇಡ ಎಂದು ಕೈ ಆಡಿಸಿದೆ. ಮುಗುಳ್ನಕ್ಕರು, ಅದನ್ನು ಚಪ್ಪಾಳೆ ಅಂದುಕೊಂಡಿರಬೇಕು.

“ಎರಡನೇ ಬಾಣ ಯಾಕ ಹೊಡದಾರ, ಕೇಳ್ರಿ,” ಎಂದರು. ಯಾರೂ ಕೇಳಿರಲಿಲ್ಲ. “ಇದು ಗುಜರಿ ಮಾಲು. ಸರಕಾರದವ್ರು ಬ್ಯಾಡಂತ ಮಾರ್ಯಾರ. ಕಿತ್ಕೊಂಡಿದ್ದಲ್ಲ, ರೊಕ್ಕ ಕೊಟ್ಟು ತಂದಿದ್ದು.”

ಮುಂದಿನ ಸಾಲಿನಲ್ಲಿದ್ದ ದೇವಿಂದ್ರನ ತಾಯಿ ಮಲ್ಲಾಬಾಯಿ ಪಕ್ಕದಲ್ಲಿ ಕೂತವಳ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ನಮ್ಮ ಮಾವನೂ ಹಂಗಽ ಹೇಳ್ತಿದ್ದ. ಯಾರು ಕೇಳ್ಯಾರ?”

ದೇವಿಂದ್ರ ನಗುಮುಖದಲ್ಲೇ ಎದ್ದು ಬಂದು, ಹಿಂದಿನಿಂದ ಶಾಲು ಎಳೆದುಕೊಂಡು, ಮುಂದಿನ ಅತಿಥಿಗೆಂದು ಮಡಚತೊಡಗಿದ. ವಿಶ್ವರಾಧ್ಯರು ತೋಳೆತ್ತಿ ಅನುಕೂಲ ಮಾಡಿಕೊಟ್ಟರು. ಎರಡನೇ ಬಾಣ ತೋರಿಸಲಿಕ್ಕೆ ಅದು ಅಡ್ಡ ಬರುತ್ತಿತ್ತು.