ರಾಗಿ ಬೀಸುವ ಪದಕ್ಕೆ ಬರೆದ ಕಾರ್ಡುಗಳು

ನಲವತ್ತರ ದಶಕದಲ್ಲಿ ಸೂಲಿಬೆಲೆಯ ಚಾವಡಿಗೆ ರೇಡಿಯೋ ಬಂದಾಗ ನಾನು ಹೊಸ ಸೊಸೆ. ಹೆಂಗಸರೆಲ್ಲ ಸಂಜೆ ಹೊರಗೋಡೆಗೆ ಒರಗಿ ಕೇಳುತ್ತಿದ್ದೆವು. ದಿನವೂ ಕಚೇರಿ ಸಂಗೀತವೇ.

“ನಮ್ಮ ರಾಗಿ ಬೀಸೋ ಪದ ಯಾಕ್ ಹಾಕಲ್ವಂತೆ? ಕೇಳಿ ಬರಿಯವ್ವ,” ಎಂದರು ಅತ್ತೆ.

ರೇಡಿಯೋ ನಿಲಯಕ್ಕೆ ಕಾರ್ಡು ಬರೆದೆ. ಉತ್ತರವಿಲ್ಲ. ಮತ್ತೆ ಮತ್ತೆ ಬರೆಸಿದರು. ಆರನೆಯದಕ್ಕೆ ಉತ್ತರ ಬಂತು: ಹಾಡುವವರು ನಮಗೆ ಗೊತ್ತಿಲ್ಲ, ನೀವೇ ಬರುವಿರಾ?

ಮಾವ ಬೇಡವೆಂದರು. ಅತ್ತೆ ನನ್ನನ್ನು ಕರೆದುಕೊಂಡು ಹೊರಟೇಬಿಟ್ಟರು.

ಮೈಕಿನ ಮುಂದೆ ಅವರಿಗೆ ದನಿಯೇ ಹೊರಡಲಿಲ್ಲ. ಬೀಸುಕಲ್ಲಿಲ್ಲದೆ ಅವರು ಎಂದೂ ಹಾಡಿದವರಲ್ಲ. ನಾನು ಅವರ ಕೈ ಹಿಡಿದು, ಬೀಸುವಂತೆ ತಿರುಗಿಸಿದೆ. ಎರಡನೇ ಸುತ್ತಿಗೆ ಪದ ಎದ್ದಿತು.

ಇನ್ನೆಷ್ಟು ಪದ ಬರುತ್ತವೆ ಎಂದು ನಿಲಯದವರು ಕೇಳಿದರು.

“ಒಂದ್ ಪಲ್ಲ ರಾಗಿ ಬೀಸಿದ್ರೂ ಮುಗಿಯಲ್ಲ ಕಣಪ್ಪ,” ಎಂದರು ಅತ್ತೆ.